ಪಾಸ್‌ಪೋರ್ಟಿನ ಪ್ರಕಾರ ಅರವತ್ತೊಂದು

ಆಂಟಿಯ ಎರಡೂ ಮೊಣಕಾಲುಗಳ ಆಪರೇಷನ್ ಬೆಂಗಳೂರಿನಲ್ಲಿ ಜನವರಿಗೆ ನಿಗದಿಯಾಗಿತ್ತು. ಅದಕ್ಕೆ ಬೇಕಾದ ದುಡ್ಡು ಸಿಂಗಪುರದಲ್ಲಿ, ಅಂಕಲ್ ಅವರ ನಿವೃತ್ತಿ ಖಾತೆಯಲ್ಲಿತ್ತು. ಅದನ್ನು ತೆಗೆದರೆ ತೆರಿಗೆ ಎಷ್ಟು ಬೀಳುತ್ತದೆ ಎಂದು ನೋಡಿಕೊಡಲು 2007ರ ದೀಪಾವಳಿ ಮುಗಿದ ಮೇಲಿನ ಶನಿವಾರ ನನ್ನನ್ನು ಕರೆದಿದ್ದರು.

ನಾನು ಲೆಕ್ಕಪತ್ರ ಕಲಿತವಳಲ್ಲ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಚೌಕದ ಗೆರೆ ಮುಟ್ಟದಂತೆ ಒಂದೊಂದೇ ಅಕ್ಷರ ಕೂರಿಸುವುದನ್ನು ಅಲ್ಲಿನ ಸಿಸ್ಟರ್ ಒಬ್ಬರು ಸ್ಕೇಲು ಹಿಡಿದು ಕಲಿಸಿದ್ದರು. ಆ ಅಕ್ಷರದ ದೆಸೆಯಿಂದಲೇ ಪರಿಚಯದವರ ಫಾರ್ಮುಗಳು ನನ್ನ ಬಳಿ ಬರತೊಡಗಿದ್ದವು. ಫಾರ್ಮು ತುಂಬಬೇಕಾದರೆ ಅದರ ಹಿಂಬದಿಯ ಸೂಚನೆಗಳನ್ನೂ ಓದಬೇಕಾಗುತ್ತದೆ. ಹಾಗೆ ಓದಿ ಓದಿ ಒಂದಿಷ್ಟು ತಿಳಿದಿತ್ತು. ನಮ್ಮ ಯಜಮಾನರ ಗೆಳೆಯರೆಲ್ಲ ಕಂಪ್ಯೂಟರಿನಲ್ಲೇ ತೆರಿಗೆಯ ಕೆಲಸ ಮುಗಿಸಿ ಕಾಂಡೋ ಫ್ಲಾಟುಗಳ ಬೆಲೆಯ ಮಾತಿಗೆ ಹೋಗಿಬಿಡುತ್ತಿದ್ದರು. ಅಂಕಲ್‌ಗೆ ಕಾಗದವೇ ಆಗಬೇಕು.

ಅವರು ಧಾರವಾಡದ ಕಡೆಯವರು, ಸಿಂಗಪುರದಲ್ಲಿ ನಮಗೆ ಪರಿಚಯವಾದವರು. ಕಾಕಿ ಬುಕಿತ್‌ನ ಒಂದು ಸಣ್ಣ ಫ್ಯಾಕ್ಟರಿಯಲ್ಲಿ ಮೆಷಿನ್‌ಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದರು. ಆ ಸೆಪ್ಟೆಂಬರಿನಲ್ಲಿ ಫ್ಯಾಕ್ಟರಿ ಗಡಿಯಾಚೆ ಮಲೇಷಿಯಾದ ಜೊಹೋರ್‌ಗೆ ಶಿಫ್ಟ್ ಆಯಿತು, ಇವರು ಹೋಗಲಿಲ್ಲ. ಮನೆ ಪಾಯಾ ಲೆಬಾರ್ ಹತ್ತಿರದ ಹಳೆಯ ಬ್ಲಾಕಿನಲ್ಲಿ. ಆ ಬ್ಲಾಕಿನ ಲಿಫ್ಟ್ ಎಲ್ಲ ಮಹಡಿಗಳಲ್ಲಿ ನಿಲ್ಲುವುದಿಲ್ಲ. ಐದರಲ್ಲಿ ಇಳಿದು ಎರಡು ಮಹಡಿ ಹತ್ತಬೇಕು. ಆಂಟಿ ಆ ಮೆಟ್ಟಿಲುಗಳನ್ನು ಮಗು ಹತ್ತುವ ಹಾಗೆ ಹತ್ತುತ್ತಿದ್ದರು: ಒಂದು ಕಾಲಿಟ್ಟು, ಇನ್ನೊಂದನ್ನೂ ಅದೇ ಮೆಟ್ಟಿಲಿಗೆ ತಂದು, ನಿಂತು.

ನಾನು ಹೋದಾಗ ಅಂಕಲ್ ಬ್ಯಾಂಕಿನ ಫಾರ್ಮಿಗೆ ಸಹಿ ಮಾಡಿಯೇ ಇಟ್ಟಿದ್ದರು. ಇಡೀ ಹಣ ಒಮ್ಮೆಗೇ ತೆಗೆಯುವುದೆಂದು ಗುರುತು ಹಾಕಿದ್ದರು.

"ಈ ದೀಪಾವಳಿಗೆ ಅರವತ್ತೆರಡು ತುಂಬೇದ್ರಿ. ಇನ್ನ ನಮ್ಮ ದುಡ್ಡು ನಮಗ. ಉಳಿದ ಕಾಲಂ ನೀವು ತುಂಬಿಬಿಡ್ರಿ, ಸೋಮವಾರ ಕೊಟ್ಟು ಬರ್ತೀನಿ," ಎಂದರು.

ಆ ಖಾತೆಯ ನಿಯಮ ಕಷ್ಟದ್ದೇನಲ್ಲ. ಅರವತ್ತೆರಡಾದ ಮೇಲೆ ತೆಗೆದರೆ, ತೆಗೆದದ್ದರಲ್ಲಿ ಅರ್ಧ ಮಾತ್ರ ಆದಾಯವೆಂದು ಲೆಕ್ಕ. ಹತ್ತು ವರ್ಷಕ್ಕೆ ಹಂಚಿಕೊಂಡು ತೆಗೆದರೆ ಹೆಚ್ಚಿನವರಿಗೆ ತೆರಿಗೆಯೇ ಬರುವುದಿಲ್ಲ. ಅರವತ್ತೆರಡಕ್ಕೆ ಮುಂಚೆ ತೆಗೆದರೆ ಪೂರ್ತಿ ಹಣ ಆದಾಯ, ಮೇಲೆ ಐದು ಪರ್ಸೆಂಟ್ ದಂಡ. ಒಮ್ಮೆಗೇ ತೆಗೆಯುವುದು ಬೇಡ ಎಂದು ಹೇಳಬೇಕೆಂದುಕೊಳ್ಳುತ್ತಲೇ ಪಾಸ್‌ಪೋರ್ಟ್ ತೆರೆದು ನಂಬರ್ ಬರೆದೆ. ಕೆಳಗಿನ ಸಾಲು ಹುಟ್ಟಿದ ದಿನಾಂಕ. ಅಲ್ಲಿ ಪೆನ್ನು ನಿಂತಿತು.

"ಅಂಕಲ್, ನೀವು ಹುಟ್ಟಿದ್ದು ದೀಪಾವಳೀಲಿ ಅಂದ್ರಲ್ಲ?"

"ಹೌದು. ಬಲಿಪಾಡ್ಯಮಿ ದಿವ್ಸ. ಅಂಗಳದಾಗ ಸಗಣಿ ಹಟ್ಟಿ ಲಕ್ಕವ್ವನ ಇಡೂ ಹೊತ್ತಿಗೆ ನಮ್ಮವ್ವಗ ಬ್ಯಾನಿ ಸುರು ಆಗಿತ್ತಂತ."

"ಇದರಲ್ಲಿ ಜೂನ್ ಒಂದು ಅಂತಿದೆ. ಅದೂ ಮುಂದಿನ ವರ್ಷದ್ದು."

"ಅದು ಸಾಲ್ಯಾಗ ಬರಸಿದ್ದು. ಹೆಡ್‌ಮಾಸ್ತರು ಎಲ್ಲಾರಿಗೂ ಜೂನ್ ಒಂದೇ ಬರೀತಿದ್ರು. ನಮ್ಮ ಕ್ಲಾಸಿನಾಗ ಇಪ್ಪತ್ತು ಮಂದಿ ಒಂದ ದಿನ ಹುಟ್ಟೀವಿ." ನಕ್ಕರು. ನಾನು ನಗದಿದ್ದುದನ್ನು ನೋಡಿ ನಿಲ್ಲಿಸಿದರು.

ನಮ್ಮಪ್ಪನದೂ ಜೂನ್ ಒಂದೇ. ಆ ತಲೆಮಾರಿನ ಎಷ್ಟೋ ಮಂದಿಗೆ ಎರಡು ಹುಟ್ಟುದಿನ, ಒಂದು ಮನೆಯದು, ಒಂದು ಸರ್ಕಾರದ್ದು. ಎರಡೂ ಎದುರಾಬದುರಾಗುವ ಸಂದರ್ಭ ಬರುವುದು ಕಡಿಮೆ.

"ಬ್ಯಾಂಕಿನವರಿಗೆ ಪಾಸ್‌ಪೋರ್ಟೇ ಪ್ರಮಾಣ ಅಂಕಲ್. ಅದರ ಪ್ರಕಾರ ನಿಮಗೆ ಅರವತ್ತೊಂದು. ಜೂನ್ ತನಕ ಕಾಯ್ಬೇಕು. ಈಗ ತೆಗೆದ್ರೆ ದಂಡ ಬೀಳುತ್ತೆ."

ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತಿದ್ದ ಆಂಟಿ, "ಮದುವಿ ಆದಾಗಿಂದ ನಾ ಹಿರಿಯಾಂವ, ನಾ ಹಿರಿಯಾಂವ ಅಂತ ಮೆರದ್ರಿ. ಈಗ ನೋಡ್ರಿ, ಏಳು ತಿಂಗಳು ಸಣ್ಣವರಾದ್ರಿ," ಎಂದರು.

ಅಂಕಲ್ ಪಾಸ್‌ಪೋರ್ಟನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

ನಾನು ಹಳೆಯ ಕ್ಯಾಲೆಂಡರಿನ ಹಾಳೆಯ ಹಿಂದೆ ಮೂರು ಲೆಕ್ಕ ಹಾಕಿದೆ. ಈಗಲೇ ಎಲ್ಲವನ್ನೂ ತೆಗೆದರೆ ಆ ವರ್ಷದ ಎಂಟು ತಿಂಗಳ ಸಂಬಳದ ಮೇಲೆ ಇಡೀ ಗಂಟು ಕೂತು ತೆರಿಗೆಯ ಮೇಲಿನ ಹಂತಗಳಿಗೆ ಹತ್ತುತ್ತಿತ್ತು. ದಂಡವೂ ಇಡೀ ಗಂಟಿಗೆ. ಜೂನ್ ತನಕ ಕಾದು ಹಂಚಿಕೊಂಡು ತೆಗೆದರೆ ದಂಡವೂ ಇಲ್ಲ, ತೆರಿಗೆಯೂ ಇಲ್ಲವೆನ್ನುವಷ್ಟೇ. ಮೂರನೆಯದು, ಆಸ್ಪತ್ರೆಗೆ ಬೇಕಾದಷ್ಟನ್ನು ಮಾತ್ರ ಜನವರಿಯಲ್ಲಿ ತೆಗೆಯುವುದು. ಹೊಸ ವರ್ಷದಲ್ಲಿ ಅವರಿಗೆ ಸಂಬಳವಿರಲಿಲ್ಲ, ಆದ್ದರಿಂದ ಅಷ್ಟು ಹಣ ತೆರಿಗೆ ಇಲ್ಲದ ಮೊದಲ ಹಂತದೊಳಗೇ ಮುಗಿಯುತ್ತಿತ್ತು. ಆದರೆ ಆ ಭಾಗಕ್ಕೆ ಐದು ಪರ್ಸೆಂಟ್ ದಂಡ ತಪ್ಪುತ್ತಿರಲಿಲ್ಲ.

"ದಂಡ ಎಷ್ಟಾಗ್ತದ?" ಆಂಟಿ ಕೇಳಿದರು.

ಹೇಳಿದೆ.

"ಅಂದ್ರ ಒಬ್ಬರು ಬೆಂಗಳೂರಿಗೆ ಹೋಗಿ ಬರೋ ಟಿಕೆಟ್. ಬ್ಯಾಡ. ಆರು ವರ್ಷ ತಡದೀನಿ, ಆರು ತಿಂಗಳು ತಡಿಯೂದು ಏನು ದೊಡ್ಡದು? ಜೂನ್‌ದಾಗ ಹೋಗೂಣು."

"ಡಾಕ್ಟರ್ ತಾರೀಖು ಕೊಟ್ಟಾರ," ಎಂದರು ಅಂಕಲ್.

"ಕೊಟ್ರ ಕೊಡ್ಲಿ, ಇನ್ನೊಂದು ಕೊಡ್ತಾರ. ಮಾಡದ ತಪ್ಪಿಗೆ ದಂಡ ಕಟ್ಟೂದ್ಯಾಕ?"

ಅಂಕಲ್ ಫುಡ್ ಕೋರ್ಟಿನಲ್ಲಿ ಕಾಫಿಗೆ ಹತ್ತು ಸೆಂಟ್ ಏರಿತೆಂದು ಮನೆಯಿಂದ ಫ್ಲಾಸ್ಕ್ ಒಯ್ಯತೊಡಗಿದ್ದ ಮನುಷ್ಯ. ಅವರು ಕ್ಯಾಲೆಂಡರಿನ ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಮೂರೂ ಲೆಕ್ಕಗಳ ಮೇಲೆ ಬೆರಳಾಡಿಸಿದರು. ಎರಡನೆಯದರ ಮೇಲೆ ಬೆರಳು ಸ್ವಲ್ಪ ಹೊತ್ತು ನಿಂತಿತು. ನಾನು ಪೆನ್ನಿನ ಮುಚ್ಚಳ ಹಾಕಿ ಕಾದೆ. ಆಂಟಿ ನಿಂತಲ್ಲೇ ಭಾರವನ್ನು ಎಡಗಾಲಿನಿಂದ ಬಲಗಾಲಿಗೆ ಬದಲಾಯಿಸಿದರು. ಅಂಕಲ್ ಕತ್ತೆತ್ತದಿದ್ದರೂ ಅದನ್ನು ಗಮನಿಸಿದರೆಂದು ನನಗನ್ನಿಸಿತು.

"ಮೂರನೇದು ಬರೀರಿ," ಎಂದರು.

"ನಾ ಬ್ಯಾಡ ಅಂದೆ," ಎಂದರು ಆಂಟಿ.

"ನಿನ್ನ ಕೇಳಿಲ್ಲ. ದುಡ್ಡು ಯಾರ ಹೆಸರಿನ್ಯಾಗ ಅದ?"

"ಹೆಸರು ನಿಮ್ಮದು. ಕಾಲು ನಂದು."

"ಅದಕ್ಕ ಬರೀರಿ ಅಂದೆ."

ಸಹಿ ಮಾಡಿದ್ದ ಫಾರ್ಮನ್ನು ನಾನೇ ಹರಿದೆ. ಜನವರಿ ಮೊದಲ ವಾರದಲ್ಲಿ ಕೊಡಲು ಹೊಸದೊಂದನ್ನು ತುಂಬಿದೆ. ಇಬ್ಬರೂ ಹೋದರು, ಆಪರೇಷನ್ ಆಯಿತು. ಜೂನ್‌ನಲ್ಲಿ ಅಂಕಲ್ ಹತ್ತರಲ್ಲಿ ಒಂದು ಪಾಲು ತೆಗೆದರು, ಈ ಸಲ ದಂಡವಿಲ್ಲದೆ.

ಅದರ ಮರುವರ್ಷ ತೆರಿಗೆ ಇಲಾಖೆಯ ಕಾಗದ ಬಂತು. ಕಟ್ಟಬೇಕಾದ ತೆರಿಗೆ ಸೊನ್ನೆ. ಆಂಟಿ ಅದನ್ನು ಎರಡು ಸಲ ಓದಿದರು.

"ಇದರಾಗ ಆ ಐದು ಪರ್ಸೆಂಟ್ ಎಲ್ಲದ?"

"ಅದನ್ನ ಬ್ಯಾಂಕಿನವರು ಅವತ್ತೇ ಹಿಡ್ಕೊಂಡಿದ್ರು ಆಂಟಿ. ಇದರಲ್ಲಿ ಬರಲ್ಲ."

"ಬರ್ದಿಲ್ಲ ಅಂದ್ರ ಕೊಟ್ಟಿಲ್ಲ ಅಂತ ತಿಳ್ಕೊ," ಎಂದರು ಅಂಕಲ್.

"ಕೊಟ್ಟದ್ದು ನನಗ ಗೊತ್ತದಲ್ಲ," ಎಂದು ಆಂಟಿ ಕಾಗದ ಮಡಚಿಟ್ಟು, ಕುರ್ಚಿಯ ಕೈ ಹಿಡಿಯದೆಯೇ ಎದ್ದು, ಚಹಾಕ್ಕೆ ನೀರಿಡಲು ಒಳಗೆ ಹೋದರು.