ಕನಕಾಂಬರದ ಬಾಣಂತನ

ನನ್ನನ್ನು ನೋಡಿ ನಗುವುದಾದರೆ ಈಗಲೇ ನಕ್ಕುಬಿಡಿ. ಫೆಬ್ರುವರಿ ಚಳಿಯಲ್ಲಿ ಬೆಳಗ್ಗೆ ಆರು ಗಂಟೆಗೆ, ಹಲ್ಲು ಕೂಡ ಉಜ್ಜದೆ, ಯಜಮಾನರ ಮಂಕಿ ಕ್ಯಾಪನ್ನು ತಲೆಗೇರಿಸಿಕೊಂಡು, ಕುವೆಂಪುನಗರದ ನಮ್ಮ ತಾರಸಿಯಲ್ಲಿ ಮಂಡಿಯೂರಿ ಕೂತು ಹೋದ ವಾರದ ತನಕ ಹನ್ನೊಂದರವರೆಗೆ ಎಣಿಸುತ್ತಿದ್ದ ಐವತ್ತೇಳು ವರ್ಷದ ಹೆಂಗಸು ನಾನು. ಎಣಿಸುವುದು ಕನಕಾಂಬರದ ಸಸಿಗಳನ್ನು. ಒಂದೊಂದೂ ಕಿರುಬೆರಳಿನ ಉಗುರಿನಷ್ಟಿವೆ. ಒಂದು ದಿನ ಹತ್ತೇ ಸಿಕ್ಕಿ, ಮತ್ತೆ ಮೂರು ಸಲ ಎಣಿಸಿದ್ದೆ. ಹನ್ನೊಂದನೆಯದು ನನ್ನ ಕೈಯ ನೆರಳಿನಲ್ಲೇ ಇತ್ತು.

ಈ ಎಣಿಕೆಯ ಕಾರಣವನ್ನು ನಿಮಗೊಬ್ಬರಿಗೆ ಹೇಳುತ್ತೇನೆ, ಇನ್ನಾರಿಗೂ ಹೇಳಬೇಡಿ. ನನ್ನ ಮಗಳು ಶಾಲಿನಿಗೆ ಈಗ ಮೂರನೆಯ ತಿಂಗಳು. ಹೆಬ್ಬಾಳದಿಂದ ಬಂದು ನಮ್ಮಲ್ಲೇ ಇದ್ದಾಳೆ. ಹೋದ ವರ್ಷವೂ ಹೀಗೇ ಒಂದು ಸಂತೋಷ ಬಂದಿತ್ತು, ನಿಲ್ಲಲಿಲ್ಲ. ಆಗ ಅವಳಿಗೆ ಎರಡು ತಿಂಗಳು ಕೂಡ ತುಂಬಿರಲಿಲ್ಲ. ಸಂಕ್ರಾಂತಿಯ ದಿನ ಎಳ್ಳು ಬೀರಲು ಹೋದ ಕಡೆಯಲ್ಲೆಲ್ಲ ನಾನು ಎಳ್ಳಿನ ಜೊತೆ ಆ ಸುದ್ದಿಯನ್ನೂ ಬೀರಿ ಬಂದಿದ್ದೆ. ಮೂರು ತಿಂಗಳು ತುಂಬುವವರೆಗೆ ಬಾಯಿ ಬಿಡಬಾರದೆಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು. ನನಗೂ ಗೊತ್ತಿತ್ತು. ತಡೆಯಲಾಗಲಿಲ್ಲ. ಹತ್ತೇ ದಿನಕ್ಕೆ ಎಲ್ಲ ಮುಗಿದುಹೋಯಿತು. ಅವತ್ತಿನಿಂದ ನನ್ನ ನಾಲಿಗೆಯನ್ನು ಕಂಡರೆ ನನಗೇ ಆಗುವುದಿಲ್ಲ.

ಈ ವರ್ಷ ಎಳ್ಳನ್ನೇನೋ ಬೀರಿದೆ, ತುಟಿ ಮಾತ್ರ ಬಿಚ್ಚಲಿಲ್ಲ. ಪಕ್ಕದ ಮನೆಯ ಪುಟ್ಟಲಕ್ಷ್ಮಮ್ಮನವರು, “ಯಾಕ್ರೀ, ಹಲ್ಲುನೋವಾ?” ಎಂದು ಕೇಳಿದರು. ಹೌದೆಂದುಬಿಟ್ಟೆ. ಬೀದಿಯಲ್ಲಿ ಯಾರ ಮನೆಗೆ ಹೊಸ ಫ್ರಿಜ್ ಬಂದರೂ ಅದು ಬಾಗಿಲು ದಾಟುವ ಮೊದಲೇ ಈಯಮ್ಮನಿಗೆ ತಿಳಿದಿರುತ್ತದೆ. ಹಾಗಾಗಿ ನನಗೆ ಚಳಿಗಿಂತ, ಇಲಿಗಿಂತ ಅವರದೇ ಹೆಚ್ಚು ಭಯ.

ಸಸಿಗಳಿಗೂ ಮಗಳಿಗೂ ಏನು ಸಂಬಂಧ ಅನ್ನುತ್ತೀರಾ? ನಮ್ಮತ್ತೆ ಅಗ್ರಹಾರದ ಬಾಡಿಗೆ ಮನೆಯಲ್ಲಿದ್ದಾಗ ತುಳಸಿಯ ಪಕ್ಕ ಒಂದು ಕನಕಾಂಬರದ ಗಿಡ ಬೆಳೆಸಿದ್ದರು. ನಾನು ಬಸುರಿಯಾಗಿದ್ದಾಗ ಏಳನೆಯ ತಿಂಗಳಲ್ಲಿ ಹೂ ಮುಡಿಸಿದ್ದು ಅದೇ ಗಿಡದ ಹೂವನ್ನು. ಕನಕಾಂಬರ ಎಂದರೆ ಚಿನ್ನದ ಬಟ್ಟೆ. ಹೆಸರು ಅಷ್ಟು ದೊಡ್ಡದು, ವಾಸನೆ ಮಾತ್ರ ಸೊನ್ನೆ. ಆದರೂ ಮಲ್ಲಿಗೆಯ ಜೊತೆ ಸೇರಿಸಿ ಕಟ್ಟಿದರೆ ಮಲ್ಲಿಗೆಗೇ ಒಂದು ಕಳೆ. ಆ ಗಿಡ ನಮ್ಮೊಂದಿಗೆ ಕುಂಡದಲ್ಲಿ ಈ ಮನೆಗೂ ಬಂದಿತ್ತು. ಹೋದ ಮಳೆಗಾಲದಲ್ಲಿ ಬೇರು ಕೊಳೆತು ಸತ್ತಿತು. ಉಳಿದದ್ದು ಅತ್ತೆ ಕುಂಕುಮದ ಭರಣಿಯಲ್ಲಿ ಎತ್ತಿಟ್ಟಿದ್ದ ಒಂದು ಚಿಟಿಕೆ ಬೀಜ. ಶಾಲಿನಿಯ ವಿಷಯ ಗೊತ್ತಾದ ದಿನವೇ ಅಷ್ಟನ್ನೂ ಬಿತ್ತಿದೆ. ಜೂನ್ ಹೊತ್ತಿಗೆ ಅವಳಿಗೆ ಏಳು ತಿಂಗಳು, ಗಿಡಕ್ಕೆ ಮೊದಲ ತೆನೆ ಎಂಬುದು ನನ್ನ ಲೆಕ್ಕಾಚಾರ. ಗಿಡ ಉಳಿದರೆ ಮಗುವೂ ಉಳಿಯುತ್ತದೆ ಎಂದು ಯಾವಾಗ ಮನಸ್ಸಿನಲ್ಲಿ ಗಂಟು ಹಾಕಿಕೊಂಡೆನೋ ತಿಳಿಯದು. ಬಿಚ್ಚಲು ಹೋದಷ್ಟೂ ಗಂಟು ಬಿಗಿಯಾಯಿತು.

ಸಸಿ ಕಾಯುವುದು ಹೇಗೆಂದು ಮೊಬೈಲಿನಲ್ಲಿ ಹುಡುಕಿದೆ. ಯಾವುದೋ ಹಿಮದ ದೇಶದ ಹೆಂಗಸೊಬ್ಬಳು, ಕಾವಿಲ್ಲದ ಗಾಜಿನ ಮನೆಯಲ್ಲಿ ಎಳೆಯ ಸಸಿಗಳನ್ನು ವಸಂತದ ಚಳಿಯಿಂದ ಕಾಪಾಡುವುದನ್ನು ಬಲು ನಿಧಾನವಾಗಿ ವಿವರಿಸುತ್ತಿದ್ದಳು. ಕೊನೆಯ ಹಿಮ ಬಿದ್ದು ಹೋಗುವವರೆಗೆ ಕಾಯಿರಿ ಅಂದಳು. ಮೈಸೂರಿನಲ್ಲಿ ಕೊನೆಯ ಹಿಮ ಯಾವಾಗ ಬೀಳುತ್ತದೆ ಎಂದು ಯಜಮಾನರನ್ನು ಕೇಳಿದೆ. ಫ್ರಿಜ್ ಆಫ್ ಮಾಡಿದ ದಿನ ಅಂದರು. ಹಾಸ್ಯ ಮಾಡಿದರೂ ಒಳ್ಳೆಯವರೇ. ಸೋಫಾಕ್ಕೆ ಸುತ್ತಿಕೊಂಡು ಬಂದಿದ್ದ ಪ್ಲಾಸ್ಟಿಕ್ಕನ್ನು ನಾನು ನಾಲ್ಕು ವರ್ಷದಿಂದ ಮಡಿಸಿಟ್ಟಿದ್ದೆ, ಅದನ್ನೇ ಪೈಪುಗಳಿಗೆ ಕಟ್ಟಿ ಒಂದು ಗುಡಾರ ಮಾಡಿಕೊಟ್ಟರು. ಸ್ವೆಟರಿಲ್ಲದೆ ಹಾಲು ತರಲು ಹೋದವರನ್ನು ಕಂಡರೂ ಗಾಬರಿಯಾಗುವ ಊರು ನಮ್ಮದು. ಸಸಿಗಳಿಗೆ ಚಳಿಯಾಗುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮತ್ತೆಗೆ ಎಂಬತ್ತಾದರೂ ದನಿ ಕುಗ್ಗಿಲ್ಲ. ಬಂಧುಬಳಗದಲ್ಲಿ ಎಷ್ಟು ಬಾಣಂತನ ಮಾಡಿದ್ದಾರೋ ಅವರಿಗೇ ನೆನಪಿಲ್ಲ. ಅವರು ಒಂದೇ ಮಾತಿನಲ್ಲಿ ಅಪ್ಪಣೆ ಕೊಟ್ಟರು: “ಬಾಣಂತಿ ಮಗೀಗೆ ಎಂಗೆ ಮಾಡ್ತೀವೋ ಅಂಗೇ ಮಾಡು. ಗಾಳಿ ಸೋಕಬಾರ್ದು, ಕಂಡೋರ ಕಣ್ಣು ಬೀಳಬಾರ್ದು.”

ಅಂಗೇ ಮಾಡಿದೆ. ನೀರನ್ನು ಉಗುರು ಬೆಚ್ಚಗೆ ಮಾಡಿ ಚಿಮುಕಿಸಿದೆ. ಪ್ಲಾಸ್ಟಿಕ್ಕಿನ ಮೇಲೆ ಕಾಡಿಗೆಯಿಂದ ದೃಷ್ಟಿಬೊಟ್ಟು ಇಟ್ಟೆ. ಸಂದುಗಳಿಗೆಲ್ಲ ಹಳೆಯ ಪಂಚೆ ತುರುಕಿದೆ. ಪುಟ್ಟಲಕ್ಷ್ಮಮ್ಮನವರು ಒಳಗೇನಿದೆ ಎಂದು ಕೇಳಿದಾಗ ಹಪ್ಪಳ ಒಣಗಿಸಿದ್ದೇನೆ ಅಂದೆ. ಕೆಳಗೆ ಮಗಳಿಗೂ ಇದೇ ಪಥ್ಯ. ಮೆಟ್ಟಿಲು ಹತ್ತಕೂಡದು, ಬಾಗಿಲಿಗೆ ಬರಕೂಡದು. ಒಗ್ಗರಣೆಯ ವಾಸನೆಗೆ ಅವಳ ಹೊಟ್ಟೆ ತೊಳಸುತ್ತಿದ್ದುದರಿಂದ ಮೂರು ವಾರದಿಂದ ಸಾರಿಗೆ ಸಾಸಿವೆ ಸಿಡಿಸಿರಲಿಲ್ಲ. ಯಜಮಾನರು ಅದನ್ನು ಸುಮ್ಮನೆ ಉಣ್ಣುತ್ತಿದ್ದರು.

ಬಾಣಂತನವೆಂದ ಮೇಲೆ ಸಾಂಬ್ರಾಣಿ ಬಿಡುವುದುಂಟೆ? ಕಳೆದ ವಾರ ಒಂದು ಸಂಜೆ ಚಳಿಗಾಳಿ ಜೋರಾಗಿತ್ತು. ದೇವರ ದೀಪ ಹಚ್ಚಿ, ಧೂಪದ ಬಟ್ಟಲಿಗೆ ನಿಗಿನಿಗಿ ಕೆಂಡ ಹಾಕಿ, ಮೇಲೆ ಸಾಂಬ್ರಾಣಿ ಉದುರಿಸಿ, ಗುಡಾರದೊಳಗಿಟ್ಟು ಬಾಗಿಲ ಪ್ಲಾಸ್ಟಿಕ್ಕನ್ನು ಇಳಿಬಿಟ್ಟೆ. ಎರಡು ನಿಮಿಷ ಬೆಚ್ಚಗಾಗಲಿ, ತೆಗೆದುಬಿಡೋಣ ಅಂದುಕೊಂಡಿದ್ದೆ. ಅಷ್ಟರಲ್ಲಿ ಕೆಳಗಿಂದ “ಅಮ್ಮಾ” ಎಂದಳು ಶಾಲಿನಿ. ಆ ಒಂದು ಕೂಗಿಗೆ ನನ್ನ ಪ್ರಾಣ ಬಾಯಿಗೆ ಬಂತು. ಓಡಿದೆ. ಬರೀ ವಾಂತಿ. ಬೆನ್ನು ನೀವಿ, ನಿಂಬೆಹಣ್ಣಿನ ಪಾನಕ ಮಾಡಿಕೊಟ್ಟು, ಅವಳ ಪಕ್ಕದಲ್ಲೇ ಕೂತುಬಿಟ್ಟೆ. ಧೂಪದ ನೆನಪೇ ಹಾರಿಹೋಗಿತ್ತು.

ನೆನಪಿಸಿದ್ದು ಪುಟ್ಟಲಕ್ಷ್ಮಮ್ಮನವರ ಕೂಗು. ನಾನು ಮೇಲೆ ಬರುವಷ್ಟರಲ್ಲಿ ಅವರು ಎರಡೂ ತಾರಸಿಗಳ ನಡುವಿನ ಗಿಡ್ಡ ಗೋಡೆ ದಾಟಿ ಬಂದು, ಪ್ಲಾಸ್ಟಿಕ್ಕನ್ನು ಕಿತ್ತೆಸೆದು, ಸೆರಗಿನಿಂದ ಹೊಗೆ ಬೀಸುತ್ತಿದ್ದರು. ಬೆಂಕಿ ಬಿತ್ತೆಂದು ಬಂದವರಿಗೆ ಹಪ್ಪಳ ಕಾಣಲಿಲ್ಲ. ಕಂಡದ್ದು ಹನ್ನೊಂದು ಸಸಿ. ಅವುಗಳಲ್ಲಿ ಆರು ಬೇಯಿಸಿದ ಸೊಪ್ಪಿನಂತೆ ಮಲಗಿದ್ದವು.

ನಾನು ಅಲ್ಲೇ ಕುಸಿದು ಅತ್ತುಬಿಟ್ಟೆ. ಸಸಿ ಸತ್ತರೆ ಯಾರೂ ಹಾಗೆ ಅಳುವುದಿಲ್ಲ. ಹೋದ ವರ್ಷ ಮಗಳೆದುರು ಅಳಬಾರದೆಂದು ನುಂಗಿಕೊಂಡಿದ್ದೂ ಅದರ ಜೊತೆ ಬಂತು. ತಲೆಯೆತ್ತಿದರೆ ಶಾಲಿನಿ, ಮೆಟ್ಟಿಲು ಹತ್ತಿ ಬಂದುಬಿಟ್ಟಿದ್ದಾಳೆ. ಬೈಯಬೇಕಾದವಳು ಬಡಬಡಿಸಿದೆ: “ಹಾಳು ಮಾಡಿದ್ದು ನಾನೇ ಕಣೇ. ಹೋದ್ಸಲಾನೂ ನಾನೇ.”

ಅವಳು ನನ್ನ ಪಕ್ಕ ಕೂತಳು. ಮಂಕಿ ಕ್ಯಾಪ್ ತೆಗೆದು ಕೂದಲು ಸರಿಮಾಡಿದಳು.

“ನೀನು ಹೇಳಿಕೊಂಡಿದ್ದಕ್ಕೆ ಹೋಗಲಿಲ್ಲ ಕಣಮ್ಮ. ಡಾಕ್ಟರ್ ಆಗಲೇ ಹೇಳಿದ್ರು, ಯಾರು ಏನು ಮಾಡಿದ್ದಕ್ಕೂ ಅಲ್ಲ ಅಂತ. ಒಂದು ವರ್ಷದಿಂದ ಇದನ್ನ ಇಟ್ಕೊಂಡಿದ್ಯಾ?”

ಪುಟ್ಟಲಕ್ಷ್ಮಮ್ಮನವರು ಅಲ್ಲೇ ಇದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಮುಗಿಯಿತು, ನಾಳೆ ಬೀದಿಗೆಲ್ಲ ಹಂಚಿಕೆ ಎಂದುಕೊಂಡೆ. ಅವರು ಮಾತ್ರ ತಣ್ಣಗೆ ಹೇಳಿದರು: “ನಂಗೊತ್ತು ಬುಡಿ. ಮೂರು ವಾರದಿಂದ ನಿಮ್ಮನೆ ಕಡೆಯಿಂದ ಒಗ್ಗರಣೆ ವಾಸ್ನೆನೇ ಬಂದಿಲ್ಲ. ನೀವಾಗೇ ಹೇಳೋಗಂಟ ಕೇಳಬಾರ್ದು ಅಂತ ಸುಮ್ಕಿದ್ದೆ.”

ಮೂರು ವಾರ! ಯಾರ ಬಾಯಿಗೆ ಹೆದರಿ ಹಪ್ಪಳದ ಕಥೆ ಕಟ್ಟಿದ್ದೆನೋ ಆ ಬಾಯಿಗೆ ನನ್ನದಕ್ಕಿಂತ ಗಟ್ಟಿ ಬೀಗವಿತ್ತು. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ, ಎಷ್ಟೋ ದಿನದ ಮೇಲೆ ಸರಿಯಾಗಿ ಉಸಿರು ಬಂತು.

ಗುಡಾರವನ್ನು ಮತ್ತೆ ಕಟ್ಟಲಿಲ್ಲ. ಹಗಲು ಹಸಿರು ಬಲೆಯ ನೆರಳು, ಇರುಳು ಒಂದು ಬಿದಿರು ಬುಟ್ಟಿ ಬೋರಲು, ಅಷ್ಟೇ. ಶಾಲಿನಿಗೆ ಇನ್ನೂ ಮೂರು ತಿಂಗಳು ತುಂಬಿಲ್ಲ. ಐದು ಸಸಿಗಳಲ್ಲಿ ಒಂದು ಇನ್ನೂ ತಲೆ ಎತ್ತಲೋ ಬೇಡವೋ ಅನ್ನುತ್ತಿದೆ. ನಾನು ಈಗಲೂ ಆರು ಗಂಟೆಗೆ ಮಂಕಿ ಕ್ಯಾಪ್ ಹಾಕಿಕೊಂಡು ತಾರಸಿ ಹತ್ತುತ್ತೇನೆ. ಗೋಡೆಯ ಆಚೆಯಿಂದ ಇನ್ನೊಂದು ಮಂಕಿ ಕ್ಯಾಪ್ ಮೇಲೇಳುತ್ತದೆ.

“ಐದೂ ಅವಾ?” ಎಂದು ಕೇಳುತ್ತದೆ.

“ಅವೆ ಕಣ್ರೀ,” ಅನ್ನುತ್ತೇನೆ.

ಭಯವೇನೂ ಕಡಿಮೆಯಾಗಿಲ್ಲ. ಈಗ ಇಬ್ಬರು ಹೆದರುತ್ತೇವೆ, ಅಷ್ಟೇ.