ಬಿಡಲು ಮರೆತ ಖಾಲಿ ಸಾಲು

ಹ್ಯಾಂಬರ್ಗಿನ ನಮ್ಮ ಕನ್ನಡ ಬಳಗಕ್ಕೊಂದು ಪುಟ್ಟ ವೆಬ್‌ಸೈಟ್ ಇದೆ. ಅದನ್ನು ನೋಡಿಕೊಳ್ಳುವವನು ನಾನು. ಪುಟಗಳನ್ನೆಲ್ಲ ಮಾರ್ಕ್‌ಡೌನ್‌ನಲ್ಲಿ ಬರೆಯುತ್ತೇನೆ, ಅಂದರೆ ಬಣ್ಣ ಬೆಡಗಿಲ್ಲದ ಬರೀ ಅಕ್ಷರದ ಫೈಲುಗಳಲ್ಲಿ. ಒಬ್ಬರ ಮಾತನ್ನು ಅವರ ಮಾತೆಂದೇ ತೋರಿಸಬೇಕಾದರೆ ಆ ಸಾಲಿನ ಮುಂದೆ ಶಾಲೆಯ ಗಣಿತದ ‘ಗ್ರೇಟರ್ ದ್ಯಾನ್’ ಗುರುತು ಹಾಕಿದರಾಯಿತು. ಪುಟದಲ್ಲಿ ಆ ಮಾತು ತುಸು ಒಳಗೆ ಸರಿದು, ಅದರ ಎಡಕ್ಕೊಂದು ಬೂದು ಗೆರೆ ಮೂಡುತ್ತದೆ. ಆಫೀಸಿನಲ್ಲಿ ಬೆಳಗಾದರೆ ಇದನ್ನೇ ಬರೆಯುವವನು ನಾನು. ಹೊಸಬರಿಗೆ ಪಾಠ ಹೇಳುವಷ್ಟು ಜಂಬವೂ ಇತ್ತು.

ಹೋದ ಚಳಿಗಾಲದಲ್ಲಿ ಬಳಗದ ಹಿರಿಯರೊಬ್ಬರು ತೀರಿಕೊಂಡರು. ಉಡುಪಿ ಕಡೆಯವರು. ನಾನು ಧಾರವಾಡದಿಂದ ಇಲ್ಲಿಗೆ ಬಂದಿಳಿದಾಗ ಆನ್‌ಮೆಲ್ಡುಂಗ್, ಅಂದರೆ ಸರ್ಕಾರಿ ಕಚೇರಿಯಲ್ಲಿ ವಿಳಾಸದ ನೋಂದಣಿ, ಮಾಡಿಸಲು ಜೊತೆಗೆ ಬಂದು, ಕೌಂಟರಿನಲ್ಲಿ ನನ್ನ ಪರವಾಗಿ ಜರ್ಮನ್ ಮಾತಾಡಿದವರು. ಮನೆ ಸಿಗುವವರೆಗೆ ತಮ್ಮ ಮನೆಯ ಸೋಫಾ ಬಿಟ್ಟುಕೊಟ್ಟವರು. ಅಂಥವರು ಮೂರು ವಾರ ಆಸ್ಪತ್ರೆಯಲ್ಲಿದ್ದರೆ ನಾನು ಒಂದು ದಿನವೂ ಹೋಗಲಿಲ್ಲ. ನಾಳೆ ಹೋದರಾಯಿತು, ನಾಡಿದ್ದು ಹೋದರಾಯಿತು ಎಂದು ದಿನ ದೂಡಿದೆ. ಅಷ್ಟರಲ್ಲಿ ಅವರೇ ಇಲ್ಲವಾದರು.

ಹದಿಮೂರನೆಯ ದಿನಕ್ಕೆ ಊರಿನವರೂ ಓದಲಿ ಎಂದು ಒಂದು ನೆನಪಿನ ಪುಟ ಮಾಡುವುದೆಂದಾಯಿತು. ಅವರ ಹೆಂಡತಿಯನ್ನು ನಾವೆಲ್ಲ ಅಕ್ಕ ಎನ್ನುತ್ತೇವೆ. ಅಕ್ಕ ವಾಯ್ಸ್ ಮೆಸೇಜಿನಲ್ಲಿ ನಾಲ್ಕು ಮಾತು ಹೇಳಿ ಕಳಿಸಿದರು. ಬೆಳಿಗ್ಗೆ ಎಸ್‌-ಬಾನ್ ಲೋಕಲ್ ರೈಲಿನಲ್ಲಿ ಕೂತೇ ಅದನ್ನು ಟೈಪ್ ಮಾಡಿ, ಮುಂದೆ ಗುರುತು ಹಾಕಿದೆ. “ಕಡೆಯವರೆಗೂ ಅವರಿಗೆ ಪ್ರಜ್ಞೆ ಇತ್ತು, ಊರಿನ ಸುದ್ದಿಯೇ ಮಾತಾಡ್ತಾ ಇದ್ರು” ಎಂಬುದು ಅಕ್ಕನ ಕೊನೆಯ ಸಾಲು. ಅದರ ಕೆಳಗೆ ನನ್ನದೂ ಒಂದು ಸೇರಿಸಿದೆ: “ಕೊನೆಯ ದಿನಗಳಲ್ಲಿ ನಾನು ಅವರ ಹತ್ತಿರ ಇರಲಿಲ್ಲ. ಆ ಸಂಕಟ ನನ್ನನ್ನು ಬಿಡುವುದಿಲ್ಲ.” ಕೆಳಗೆ ಹೆಸರು ಹಾಕಲು ಮಾತ್ರ ಧೈರ್ಯವಾಗಲಿಲ್ಲ.

ಎರಡರ ನಡುವೆ ಒಂದು ಸಾಲು ಖಾಲಿ ಬಿಡಬೇಕಿತ್ತು. ಬಿಡದಿದ್ದರೆ, ಮುಂದೆ ಗುರುತಿಲ್ಲದಿದ್ದರೂ ಕೆಳಗಿನ ಸಾಲು ಮೇಲಿನವರ ಮಾತಿಗೇ ಸೇರಿಹೋಗುತ್ತದೆ. ಇದು ನನಗೆ ಗೊತ್ತಿಲ್ಲದ್ದೇ? ಹತ್ತು ಜನಕ್ಕೆ ಹೇಳಿಕೊಟ್ಟಿದ್ದೇನೆ! ಇಳಿಯುವ ಸ್ಟೇಷನ್ ಬಂತೆಂದು, ಪುಟ ಹೇಗೆ ಕಾಣುತ್ತದೆಂದೂ ನೋಡದೆ ಪ್ರಕಟಿಸಿಬಿಟ್ಟೆ.

ಮರುದಿನ ಮಧ್ಯಾಹ್ನ ಅಕ್ಕನ ಫೋನು ಬಂತು.

“ನಾನು ಯಾವಾಗ ಹಾಗೆ ಹೇಳಿದ್ದು ಮಾರಾಯ? ಊರಲ್ಲಿ ಅತ್ತೆ ಓದಿದ್ರಂತೆ. ನನ್ನ ಮಗನನ್ನು ಒಬ್ಬನೇ ಸಾಯ್ಲಿಕ್ಕೆ ಬಿಟ್ಟಳು ಅಂತ ಅಳ್ತಾ ಇದ್ದಾರೆ. ನಾನು ಫೋನ್ ಮಾಡಿದ್ರೆ ತೆಗೀತಾ ಇಲ್ಲ.”

ಪುಟ ತೆರೆದೆ. ನನ್ನ ಸಾಲು ಬೂದು ಗೆರೆಯೊಳಗೆ, ಅಕ್ಕನ ಮಾತಾಗಿ ಕೂತಿತ್ತು. ಮೂರು ವಾರ ಗಂಡನ ಹಾಸಿಗೆಯ ಪಕ್ಕ ಬಿಟ್ಟು ಕದಲದಿದ್ದ ಹೆಂಗಸು ಅವರು. ನನ್ನ ಕೈಗಿಷ್ಟು ಬೆಂಕಿ ಹಾಕ!

ಎಂಟರ್ ಕೀಲಿಯನ್ನು ಒಮ್ಮೆ ಒತ್ತಿದೆ, ಪುಟ ಸರಿಹೋಯಿತು. ಆದರೆ ಅಷ್ಟರಲ್ಲಿ ಅದರ ಫೋಟೊ ಉಡುಪಿಯ ನೆಂಟರಿಷ್ಟರ ಮೊಬೈಲುಗಳನ್ನೆಲ್ಲ ಸುತ್ತಿಯಾಗಿತ್ತು. “ಅತ್ತೆಗೆ ನೀನೇ ಹೇಳು” ಎಂದು ಅಕ್ಕ ನಂಬರು ಕೊಟ್ಟರು. ಆಫೀಸಿನ ಮೆಟ್ಟಿಲ ಮೇಲೆ ಕೂತು ಫೋನು ಹಚ್ಚಿದೆ.

“ಅಮ್ಮಾ, ಆ ಮಾತು ಅಕ್ಕಾರದ್ದಲ್ರಿ, ನಂದು. ನಾ ಬರಿಯೂದರಾಗ ತಪ್ಪು ಮಾಡೀನಿ, ಅದು ಹೋಗಿ ಅವರ ಮಾತಿನಾಗ ಸೇರೇತಿ.”

“ಹಾಗಾದ್ರೆ ಅವಳು ಹತ್ರ ಇದ್ದಳಾ?” ಎಂದು ಕೇಳಿದರು.

“ಕಡೀತನಕ ಕೈ ಹಿಡಕೊಂಡು ಕುಂತಿದ್ರಂತ್ರಿ.”

“ನೀವು ಕಂಡಿದ್ದೀರಾ?”

“ಇಲ್ರಿ ಅಮ್ಮಾ. ನಾ ಹೋಗಲೇ ಇಲ್ಲ. ಅದನ್ನ ಬರದಿದ್ದೆ.”

“ಎಂತಕ್ಕೆ ಹೋಗ್ಲಿಲ್ಲ?”

ಕೆಲಸವಿತ್ತು ಎಂಬ ಮಾತು ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡೆ. ಯಾರಿಗೂ ಹೇಳದಿದ್ದುದನ್ನು, ಮುಖ ಸಹ ನೋಡದ ಆ ತಾಯಿಗೆ ಹೇಳಿದೆ.

“ಹೆದರಿಕಿ ಆತ್ರಿ. ಅವರನ್ನ ಹಂಗ ನೋಡಾಕ ಹೆದರಿಕಿ ಆತು.”

ಅವರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

“ಅವಳಿಗೂ ಹೆದರಿಕೆ ಆಗಿರ್ತದೆ. ಆದ್ರೂ ಕೂತಳಲ್ಲ” ಎಂದರು. “ಫೋನ್ ಇಡಿ. ನಾನು ಅವಳಿಗೆ ಮಾಡ್ಬೇಕು.”