ಸ್ಪೆಲ್ಲಿಂಗ್ ಸ್ಪರ್ಧೆಗೆ ನಮ್ಮೂರ ಶಾಲೆಯ ಬಹುಮಾನ

ಮಿತ್ರರೇ, ಇವತ್ತು ಸಂಜೆ ಅಂಬತ್ತೂರಿನಲ್ಲಿ ತಂಗಿಯ ಮನೆಯ ಹೊಸ ಟೀವಿ ಮುಂದೆ ಕೂತಿದ್ದೆ. ಇಂಗ್ಲಿಷ್ ಪದಗಳ ಸ್ಪೆಲ್ಲಿಂಗ್ ಹೇಳುವ ಸ್ಪರ್ಧೆಗೆ ನಿಂತ ಮಕ್ಕಳ ಸಾಕ್ಷ್ಯಚಿತ್ರ ಬರುತ್ತಿತ್ತು. ಸೋತ ಹುಡುಗಿಯೊಬ್ಬಳು ಅತ್ತದ್ದೇ ತಡ, ನಾಳೆ ಶಾಲೆಯಲ್ಲಿ ಇಂಥದೇ ಸ್ಪರ್ಧೆ ಇರುವ ತಂಗಿಯ ಮಗಳು ಮಾಲಾ ಮುಖ ಮುಚ್ಚಿಕೊಂಡು ಅಲ್ಲಿನ ತಮಿಳು ಬೆರೆಸಿ ಅಂದಳು: "ನಾನ್ ಪೋಗಮಾಟ್ಟೇನ್ ಮಾಮಾ, ಹೋಗೋದೇ ಇಲ್ಲ!"

ಅಷ್ಟರಲ್ಲಿ ಟೀವಿಯಲ್ಲಿ ಗೆದ್ದವನಿಗೆ ಕಪ್ ಕೊಟ್ಟರು.

"ಅದಿರ್ಲಿ, ಸೋತೋರ ಮೂಗು ಹಿಡಿದು ಕೆನ್ನೆಗೆ ಹೊಡೆಯೋದು ಯಾವಾಗ?" ಎಂದೆ.

ತಂಗಿ ಹಣೆ ಚಚ್ಚಿಕೊಂಡಳು. "ಅಣ್ಣಾ, ಅದೆಲ್ಲ ನಮ್ಮೂರ ಸ್ಕೂಲಲ್ಲಿ ಮಾತ್ರ ಕಣೋ!"

"ಸರಿ ಉತ್ತರ ಹೇಳ್ದೋರಿಗೆ ಮೇಷ್ಟ್ರು ಕೊಡ್ತಿದ್ದ ಬಹುಮಾನವೇ ಅದು. ನನ್ನ ಕೈಯಲ್ಲಿ ಏಟು ತಿನ್ನದ ಕೆನ್ನೆ ಊರಲ್ಲಿ ಒಂದೂ ಇಲ್ಲ."

ಮಾಲಾ ಮುಖದಿಂದ ಕೈ ತೆಗೆದಳು. "ಹಾಗಾದ್ರೆ ವಾಂಗ ಮಾಮಾ, ಬನ್ನಿ, ನಾವಿಬ್ರೂ ಆಡೋಣ. ಅದೇ ಬಹುಮಾನ."

ಇಪ್ಪತ್ತು ಪದ ಆಡಿದೆವು. ಈಗ ಅವಳು ನಾಳೆಯ ಸ್ಪರ್ಧೆಗೆ ಯೂನಿಫಾರ್ಮ್ ಎತ್ತಿಟ್ಟು ಹಾಡುತ್ತಾ ಓಡಾಡುತ್ತಿದ್ದಾಳೆ. ನಾನು ತಂಗಿ ಕೊಟ್ಟ ಕೊಬ್ಬರಿ ಎಣ್ಣೆಯನ್ನು ಕೆನ್ನೆಗೆ ಹಚ್ಚಿಕೊಂಡು ಇದನ್ನು ಬರೆಯುತ್ತಿದ್ದೇನೆ. ಮಗುವಿಗೆ ಧೈರ್ಯ ಬರಲೆಂದು ಬೇಕೆಂತಲೇ ಸೋತೆ, ಇಪ್ಪತ್ತು ಸಲವೂ.